ನೆಲದ ಮೇಲಾಡುವ ಮಗು ಮತ್ತು ಮನೆಯೊಳಗಿನ ವಿಷ



ಕೀಟನಾಶಕವನ್ನು ಮಲೆನಾಡಿನಲ್ಲಿ ‘ಔಷಧಿ’ ಎಂದೇ ಕರೆಯುವುದು ರೂಢಿ. ಶುಂಠಿಗೆ ಔಷಧಿ, ಕಾಫಿಗೆ ಔಷಧಿ, ಗೆದ್ದಲಿಗೂ ಔಷಧಿ. ಈ ಹೆಸರಿನ ಮರೆಯಲ್ಲಿಯೇ ವಿಷವು ಮನೆಯ ಜಗಲಿಯವರೆಗೆ ಬಂದು ಕುಳಿತಿದೆ.

ದೇಹದ ತೂಕಕ್ಕೆ ಹೋಲಿಸಿದರೆ ಎಳೆಯ ಮಗು ದೊಡ್ಡವರಿಗಿಂತ ಹೆಚ್ಚು ಉಸಿರಾಡುತ್ತದೆ, ಹೆಚ್ಚು ಉಣ್ಣುತ್ತದೆ. ನೆಲದ ಮೇಲೆ ತೆವಳಿದ ಕೈಯನ್ನೇ ಬಾಯಿಗಿಡುತ್ತದೆ. ಸಾವಯವ ರಂಜಕದ ಕೀಟನಾಶಕಗಳನ್ನು ಒಡೆಯುವ ಕಿಣ್ವವು ಅದರ ದೇಹದಲ್ಲಿ ಕಡಿಮೆ. ಆ ವಿಷ ತಾಕುವುದಾದರೋ ಬೆಳೆಯುತ್ತಿರುವ ನರಮಂಡಲಕ್ಕೆ. ತೋಟದಲ್ಲಿ ಬಿಸಿಲು, ಮಳೆ, ಸೂಕ್ಷ್ಮಜೀವಿಗಳು ವಿಷದ ಶಕ್ತಿಯನ್ನು ಕುಂದಿಸುತ್ತವೆ. ಮನೆಯೊಳಗಿನ ಧೂಳು, ಚಾಪೆ, ಕಂಬಳಿಗಳಲ್ಲಿ ಅದು ಹೆಚ್ಚು ಕಾಲ ಉಳಿಯುತ್ತದೆ.

ಮೆಕ್ಸಿಕೊ ದೇಶದ ಯಾಕಿ ಕಣಿವೆಯಲ್ಲಿ ಮಾನವಶಾಸ್ತ್ರಜ್ಞೆ ಎಲಿಜಬೆತ್ ಗಿಲೆಟ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಕಣಿವೆಯ ರೈತರು 1940ರ ದಶಕದಿಂದ ಕೀಟನಾಶಕ ಬಳಸುತ್ತ ಬಂದವರು, ಮನೆಯೊಳಗೂ ಸಿಂಪಡಿಸುತ್ತಿದ್ದರು. ಗುಡ್ಡದ ತಪ್ಪಲಿನವರು ಅದರಿಂದ ದೂರವಿದ್ದವರು. ನಾಲ್ಕೈದು ವರ್ಷದ ಮಕ್ಕಳ ಮೈಬೆಳವಣಿಗೆಯಲ್ಲಿ ಭೇದ ಕಾಣಲಿಲ್ಲ. ಆದರೆ ಚೆಂಡು ಹಿಡಿಯುವುದರಲ್ಲಿ, ನೆನಪಿನಲ್ಲಿ, ದಣಿವು ತಾಳುವುದರಲ್ಲಿ ಕಣಿವೆಯ ಮಕ್ಕಳು ಹಿಂದುಳಿದಿದ್ದರು. ಮನುಷ್ಯನ ಚಿತ್ರ ಬರೆಯಿರೆಂದಾಗ ತಪ್ಪಲಿನ ಮಕ್ಕಳು ತಲೆ, ಕೈಕಾಲು ಬರೆದರು. ಕಣಿವೆಯ ಅನೇಕ ಮಕ್ಕಳು ಬರೆದದ್ದು ಬರಿಯ ಗೀಚು. ಅಧ್ಯಯನ ಚಿಕ್ಕದು, ಐವತ್ತು ಮಕ್ಕಳದು. ಆದರೂ ಅದರ ಎಚ್ಚರಿಕೆ ಚಿಕ್ಕದಲ್ಲ.

ಇದು ನಿಧಾನವಾಗಿ ಏರುವ ವಿಷದ ಮಾತಾಯಿತು. ಒಮ್ಮೆಗೇ ಎರಗುವ ವಿಷಕ್ಕೆ ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮವೇ ಸಾಕ್ಷಿ. 2013ರ ಜುಲೈ 16ರಂದು ಶಾಲೆಯ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಇದ್ದುದು ಪರೀಕ್ಷೆಯಲ್ಲಿ ತಿಳಿಯಿತು.

ಆದ್ದರಿಂದ ವಿಷದ ಡಬ್ಬಗಳು ಮನೆಯಿಂದ ಹೊರಗೆ, ಬೀಗದೊಳಗೆ ಇರಬೇಕು. ಖಾಲಿ ಕ್ಯಾನಿನಲ್ಲಿ ನೀರು, ಎಣ್ಣೆ, ಹಾಲು ತುಂಬಲೇ ಕೂಡದು. ತಂಪು ಪಾನೀಯದ ಬಾಟಲಿಗೆ ಕೀಟನಾಶಕ ಸುರಿದಿಡಬಾರದು. ಸಿಂಪಡಿಸಿ ಬಂದವರು ಬಟ್ಟೆ ಬದಲಿಸಿ, ಮಿಂದ ಮೇಲೆಯೇ ಮಗುವನ್ನೆತ್ತಿಕೊಳ್ಳಲಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಲಿ. ಇರುವೆಗೆ ಗೀಚುವ ವಿಷದ ಬಳಪ ಮಗುವಿಗೆ ಬರೆಯುವ ಬಳಪದಂತೆಯೇ ಕಾಣುತ್ತದೆ. ಅದು ಅಂಗನವಾಡಿಯೊಳಗೆ ಬರಲೇಬಾರದು. ಬಿರುಕುಗಳನ್ನು ಮುಚ್ಚಿ, ಆಹಾರಧಾನ್ಯವನ್ನು ಭದ್ರವಾಗಿ ಮುಚ್ಚಿಟ್ಟು, ಸೊಳ್ಳೆಪರದೆ ಕಟ್ಟಿದರೆ ಅರ್ಧ ಸಿಂಪರಣೆಗೆ ಕಾರಣವೇ ಉಳಿಯದು.

ಅಂಗನವಾಡಿಯ ಪಕ್ಕದ ತೋಟಕ್ಕೆ ಮಕ್ಕಳಿರುವ ಹೊತ್ತಿನಲ್ಲಿ ಸಿಂಪಡಿಸಬಾರದೆಂದು ಪ್ರತಿ ಊರಿನ ಬಾಲವಿಕಾಸ ಸಮಿತಿಯೂ ಗ್ರಾಮಸಭೆಯೂ ನಿರ್ಣಯ ಮಾಡಲಿ. ವಿಷವನ್ನು ವಿಷವೆಂದೇ ಕರೆಯುವುದರಿಂದ ಆ ಕೆಲಸ ಆರಂಭವಾಗಲಿ.