ಕೃತಕ ಕಾಲು ಮತ್ತು ಸುಖದ ನಡಿಗೆ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೃತಕ ಕಾಲು ಜೋಡಿಸುವುದು ನನ್ನ ವೃತ್ತಿ. ಅದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ಕೇಳಿದ್ದಾರೆ. ರಾಶಿ ಯಂತ್ರಕ್ಕೆ ಸಿಕ್ಕು, ರಸ್ತೆ ಅಪಘಾತದಲ್ಲಿ, ಸಕ್ಕರೆ ಕಾಯಿಲೆಯ ಹುಣ್ಣಿನಿಂದ ಕಾಲು ಕಳೆದುಕೊಂಡವರು ಹಳ್ಳಿಗಳಲ್ಲಿ ಇದ್ದಾರೆ. ಕೆಲವರ ಮನೆಯಲ್ಲಿ ಕೃತಕ ಕಾಲೂ ಇರುತ್ತದೆ. ಆದರೆ ಅದು ಗೂಟಕ್ಕೆ ನೇತುಬಿದ್ದಿರುತ್ತದೆ. ಯಾಕೆಂದು ಕೇಳಿದರೆ, "ಕಚ್ಚತೈತ್ರಿ" ಅನ್ನುತ್ತಾರೆ. ನಮ್ಮ ವೃತ್ತಿಯ ದೊಡ್ಡ ಸಮಸ್ಯೆ ಆ ಒಂದು ಮಾತಿನಲ್ಲಿದೆ.

ನೊಗ ಸರಿಯಾಗಿ ಕೂಡದಿದ್ದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಎತ್ತು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಗಳೆ ಸಾಗುವುದಿಲ್ಲ. ಕೃತಕ ಕಾಲಿನಲ್ಲಿ ನೊಗದ ಕೆಲಸ ಮಾಡುವುದು ಸಾಕೆಟ್. ಉಳಿದ ಕಾಲಿನ ತುದಿ ಒಳಗೆ ಕೂಡುವ ಬಟ್ಟಲು ಅದು. ಮೈಭಾರವೆಲ್ಲ ಅದರ ಮೂಲಕವೇ ನೆಲಕ್ಕೆ ಇಳಿಯಬೇಕು.

ಮಕ್ಕಳೇ, ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. 60 ಕಿಲೋ ಭಾರ 100 ಚದರ ಸೆಂಟಿಮೀಟರಿನ ಮೇಲೆ ಹರಡಿದರೆ ಪ್ರತಿ ಚದರ ಸೆಂಟಿಮೀಟರಿಗೆ 600 ಗ್ರಾಂ ಬೀಳುತ್ತದೆ. ಅದೇ ಭಾರ 20 ಚದರ ಸೆಂಟಿಮೀಟರಿನ ಮೇಲೆ ನಿಂತರೆ 3 ಕಿಲೋ. ಚರ್ಮ ಕೆಡುವುದು ಅಲ್ಲಿಯೇ. ಅಂಗಾಲಿನ ದಪ್ಪ ಚರ್ಮ ಭಾರ ಹೊರಲೆಂದೇ ಇದೆ, ಮೊಣಕಾಲಿನ ಕೆಳಗಿನ ತೆಳು ಚರ್ಮ ಹಾಗಲ್ಲ. ಸಾಲದ್ದಕ್ಕೆ ಉಳಿದ ಕಾಲಿನ ಗಾತ್ರ ದಿನವಿಡೀ ಒಂದೇ ಸಮ ಇರುವುದಿಲ್ಲ. ಬೆಳಿಗ್ಗೆ ಬಿಗಿಯಾಗಿ ಕೂತ ಸಾಕೆಟ್ ಸಂಜೆಗೆ ಸಡಿಲಾಗಬಹುದು. ಆಗ ಮತ್ತೊಂದು ಕಾಲುಚೀಲ ಸೇರಿಸಿ ಹಾಕಿಕೊಳ್ಳಬೇಕಾಗುತ್ತದೆ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ದಾರಿ ತೋರಿದ್ದು ಜೈಪುರ ಕಾಲು. 1960ರ ದಶಕದ ಕೊನೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ವೈದ್ಯ ಡಾ. ಪಿ.ಕೆ. ಸೇಠಿ ಸೇರಿ ರಬ್ಬರಿನಿಂದ ಈ ಪಾದವನ್ನು ರೂಪಿಸಿದರು. ವಿದೇಶಿ ಪಾದಕ್ಕೆ ಬೂಟು ಬೇಕಿತ್ತು. ಬೂಟು ಹಾಕಿಕೊಂಡು ನಮ್ಮ ಕಾಂತೇಶನ ಗುಡಿಯೊಳಗೆ ಹೋಗಲಾದೀತೆ? ಕೆಸರು ಗದ್ದೆಗೆ ಇಳಿಯಲಾದೀತೆ? ಜೈಪುರ ಪಾದ ಹಾಕಿಕೊಂಡವರು ಬರಿಗಾಲಲ್ಲೇ ನಡೆದರು, ಕುಕ್ಕರಗಾಲಲ್ಲಿ ಕೂತರು. ಮುಂದೆ ಸಾಕೆಟ್ಟನ್ನು ನೀರಿನ ಪೈಪಿನಂಥ ಪ್ಲಾಸ್ಟಿಕ್ ಕೊಳವೆ ಕಾಯಿಸಿ ಅಚ್ಚಿನ ಮೇಲೆ ಎಳೆದು ಮಾಡತೊಡಗಿದರು. ಖರ್ಚು ಇಳಿಯಿತು, ಕೆಲಸ ಬೇಗ ಮುಗಿಯಿತು. ಡಾ. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಕಾಲು ಜೋಡಿಸುವ ವಿಧಾನಗಳೂ ಬದಲಾಗಿವೆ. ಹಿಂದೆ ಪಟ್ಟಿ, ಬೆಲ್ಟುಗಳೇ ಆಧಾರ. ಐಸ್‌ಲ್ಯಾಂಡಿನ ಓಸುರ್ ಕ್ರಿಸ್ಟಿನ್ಸನ್ ಎಂಬವರು ಸಿಲಿಕೋನಿನ ಮೆತ್ತನೆಯ ಚೀಲ ರೂಪಿಸಿದರು. ಅದನ್ನು ಉಳಿದ ಕಾಲಿನ ಮೇಲೆ ಉರುಳಿಸಿ ಏರಿಸಿಕೊಳ್ಳುತ್ತಾರೆ. ಚೀಲದ ತುದಿಯ ಪಿನ್ನು ಸಾಕೆಟ್ಟಿನ ತಳದಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಳಿ ಹೊರದೂಡಿ ಹಿಡಿದುಕೊಳ್ಳುವ ಸಾಕೆಟ್ಟುಗಳೂ ಇವೆ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ 1990ರಲ್ಲಿ ಸಾಕೆಟ್ಟನ್ನೇ ಬಿಟ್ಟು, ತೊಡೆಯ ಮೂಳೆಯೊಳಗೆ ಟೈಟಾನಿಯಂ ಲೋಹದ ತುಂಡು ಕೂಡಿಸಿ ಅದಕ್ಕೆ ಕಾಲು ಸಿಕ್ಕಿಸುವ ಚಿಕಿತ್ಸೆ ಆರಂಭವಾಯಿತು. ಚರ್ಮ ಉಜ್ಜುವ ಮಾತೇ ಇಲ್ಲ. ಆದರೆ ಲೋಹ ಚರ್ಮದಿಂದ ಹೊರಬರುವ ಜಾಗದಲ್ಲಿ ನಂಜಾಗುವ ಭಯವಿದೆ, ಖರ್ಚೂ ಬಹಳ. ಸಿಲಿಕೋನ್ ಚೀಲವನ್ನೂ ದಿನಾ ತೊಳೆಯಬೇಕು, ನಮ್ಮ ಬೇಸಿಗೆಯ ಬೆವರಿನಲ್ಲಿ ಅದು ಜಾರುತ್ತದೆ.

ಹಾಗಾದರೆ ಹೊಸ ವಿಧಾನ ಒಳ್ಳೆಯದೆಂದು ಗೊತ್ತುಮಾಡುವುದು ಹೇಗೆ? ಅದೇ ವ್ಯಕ್ತಿ ಹಳೆಯದನ್ನೂ ಹೊಸದನ್ನೂ ಹಾಕಿಕೊಂಡು ನಡೆಯಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪಾದ, ಸಾಕೆಟ್ ಎರಡನ್ನೂ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಹೊಸದಕ್ಕೆ ಒಗ್ಗಿಕೊಳ್ಳಲು ವಾರಗಟ್ಟಲೆ ಸಮಯ ಕೊಡಬೇಕು. ಎರಡು ನಿಮಿಷದಲ್ಲಿ ಎಷ್ಟು ದೂರ ನಡೆದರು ಎಂದು ಅಳೆಯುತ್ತೇವೆ. ಕಾಲು ಬಿಚ್ಚಿಸಿ ಚರ್ಮ ನೋಡುತ್ತೇವೆ. ಕೆಂಪು ಕಲೆ ಹತ್ತಿಪ್ಪತ್ತು ನಿಮಿಷದಲ್ಲಿ ಮಾಯವಾಗದಿದ್ದರೆ ಅಲ್ಲಿ ಒತ್ತುತ್ತಿದೆ ಎಂದರ್ಥ. ಎಲ್ಲಕ್ಕಿಂತ ಮುಖ್ಯವಾಗಿ, ನಡೆದವರ ಒಪ್ಪಿಗೆ ಮತ್ತು ಅವರ ಮಾತು. ಆಸ್ಪತ್ರೆಯ ನುಣುಪು ನೆಲದ ಮೇಲೆ ಚೆನ್ನಾಗಿ ನಡೆದವರು ಮೆಣಸಿನಕಾಯಿ ಹೊಲದ ಬದುವಿನ ಮೇಲೆ ತಡವರಿಸಬಹುದು. ಆದ್ದರಿಂದ ನಿಜವಾದ ಪರೀಕ್ಷೆ ನಿಮ್ಮ ಹೊಲದಲ್ಲಿ, ನಿಮ್ಮ ಅಂಗಳದಲ್ಲಿ.

ಬಂಧುಗಳೇ, ನನ್ನದೊಂದು ವಿನಂತಿ. "ಪುಕ್ಕಟೆ ಕೊಟ್ಟಿದ್ದಾರೆ, ದೂರು ಹೇಳಬಾರದು" ಎಂದು ನಮ್ಮವರು ಸುಮ್ಮನಿರುತ್ತಾರೆ. ಸುಮ್ಮನಿರಬೇಡಿ. ಹುಬ್ಬಳ್ಳಿಯಲ್ಲಿ ಮಹಾವೀರ ಲಿಂಬ್ ಸೆಂಟರ್ ಇದೆ, ಬೆಂಗಳೂರಿನಲ್ಲಿ ಮೊಬಿಲಿಟಿ ಇಂಡಿಯಾ ಇದೆ. ನೇತುಹಾಕಿದ ಕಾಲನ್ನು ಕೆಳಗಿಳಿಸಿ, ಕೊಟ್ಟಲ್ಲಿಗೆ ಅಥವಾ ಹತ್ತಿರದ ಕೇಂದ್ರಕ್ಕೆ ಒಯ್ಯಿರಿ. ಎಲ್ಲಿ ಒತ್ತುತ್ತದೆ, ಯಾವ ಹೊತ್ತಿಗೆ ಒತ್ತುತ್ತದೆ ಎಂದು ಬೆರಳಿಟ್ಟು ತೋರಿಸಿ. ಸಕ್ಕರೆ ಕಾಯಿಲೆ ಇದ್ದವರು ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಿ. ಸಣ್ಣ ಗಾಯವನ್ನೂ ವೈದ್ಯರಿಗೆ ತೋರಿಸಿ. ಇರುವ ಕಾಲನ್ನು ಉಳಿಸಿಕೊಳ್ಳುವುದಕ್ಕಿಂತ ದೊಡ್ಡ ಉಪಾಯ ಯಾವುದೂ ಇಲ್ಲ.

ಮಕ್ಕಳೇ, ಈ ಕೆಲಸಕ್ಕೆ ವೈದ್ಯರು, ಎಂಜಿನಿಯರುಗಳು, ಕೈಕಸುಬಿನವರು ಎಲ್ಲರೂ ಬೇಕು. ಕನ್ನಡ ಶಾಲೆಯಲ್ಲಿ ಓದಿದವರು ಹೆಚ್ಚು ಬೇಕು, ಏಕೆಂದರೆ "ಕಚ್ಚತೈತ್ರಿ" ಎಂದಾಗ ಅದು ಉರಿಯೋ, ಚುಚ್ಚುವುದೋ, ಜಗ್ಗುವುದೋ ಎಂದು ಕೇಳಿ ತಿಳಿಯಬಲ್ಲವರು ನೀವು.