ಜೀಪಿನ ಒಳಮೈ ಮತ್ತು ಮಲೆನಾಡಿನ ತೇವ



ಮಲೆನಾಡಿಗೆ ಜೀಪು ವಿಲಾಸದ ವಾಹನವಾಗಿ ಬಂದದ್ದಲ್ಲ. 1947ರಲ್ಲಿ ಮಹೀಂದ್ರಾ ಸಂಸ್ಥೆಯವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ಮುಂದಿನ ದಶಕಗಳಲ್ಲಿ ಅದು ಘಟ್ಟದ ಊರುಗಳಿಗೂ ಹತ್ತಿ ಬಂದಿತು. ಅಡಿಕೆ ಮೂಟೆ, ಗೊಬ್ಬರದ ಚೀಲ, ಮದುವೆಯ ದಿಬ್ಬಣ, ನಡುರಾತ್ರಿಯ ಹೆರಿಗೆನೋವು ಎಲ್ಲವನ್ನೂ ಹೊತ್ತ ವಾಹನವದು. ಅದರ ಮಾಡು ಕ್ಯಾನ್ವಾಸಿನದು. ಗಾಳಿ ನುಗ್ಗುತ್ತಿತ್ತು, ಇರುಚಲು ಹೊಡೆಯುತ್ತಿತ್ತು, ಆದರೆ ಒದ್ದೆಯಾದದ್ದು ಅಷ್ಟೇ ಬೇಗ ಒಣಗಿಯೂ ಬಿಡುತ್ತಿತ್ತು.

ಇಂದು ಅದೇ ಜೀಪಿಗೆ ಉಕ್ಕಿನ ಮಾಡು ಕೂರಿಸಿ, ಗೋಡೆಗಳಿಗೆ ಫೋಮ್ ಅಂಟಿಸಿ, ಮೇಲೆ ಕಾರ್ಪೆಟ್ ಎಳೆದು, ಇರುಳು ಮಲಗುವ ಕೋಣೆಯಾಗಿ ಮಾರ್ಪಡಿಸುವ ಹವ್ಯಾಸ ಬೆಳೆದಿದೆ. ನಗರದಿಂದ ಬರುವವರಷ್ಟೇ ಅಲ್ಲ, ಪ್ರವಾಸಿಗರನ್ನು ಗುಡ್ಡಕ್ಕೆ ಕರೆದೊಯ್ದು ಜೀವನ ನಡೆಸುವ ಹಳ್ಳಿಯ ಯುವಕರೂ ಸಾಲ ಮಾಡಿ ಈ ಕೆಲಸಕ್ಕೆ ಕೈಹಾಕುತ್ತಿದ್ದಾರೆ. ಹೀಗೆ ಸಜ್ಜುಗೊಳಿಸಿದ ವಾಹನದಲ್ಲಿ ಒಂದೇ ಮಳೆಗಾಲ ಕಳೆಯುವಷ್ಟರಲ್ಲಿ ಬೂಷ್ಟಿನ ವಾಸನೆ ತುಂಬಿಕೊಳ್ಳುತ್ತದೆ. ಎರಡು ಮೂರು ವರ್ಷಗಳಲ್ಲಿ ಕಾರ್ಪೆಟ್ಟಿನ ಕೆಳಗಿನ ತಗಡು ತುಕ್ಕು ತಿಂದು ಹಪ್ಪಳದಂತಾಗುತ್ತದೆ. ಹಾಕಿದ ಹಣವೂ ಹೋಯಿತು, ದುಡಿಯುವ ವಾಹನವೂ ಹೋಯಿತು. ಇದಕ್ಕೆ ಕೆಲಸಗಾರನ ಕೈ ಕಾರಣವಲ್ಲ. ಒಣಹವೆಯ ನಾಡಿನ ಕ್ರಮವನ್ನು ವರ್ಷಕ್ಕೆ 7000 ಮಿ.ಮೀ.ಗೂ ಮೀರಿ ಮಳೆ ಕಾಣುವ ಆಗುಂಬೆಯಂತಹ ಸೀಮೆಗೆ ಹಾಗೆಯೇ ತಂದದ್ದು ಕಾರಣ.

ವಾಹನದ ಒಳಮೈಗೆ ಹೊದಿಕೆ ಹಾಕುವಾಗ ಎರಡು ಶತ್ರುಗಳನ್ನು ಎದುರಿಸಬೇಕಾಗುತ್ತದೆ: ಒಂದು ಚಳಿ, ಇನ್ನೊಂದು ತೇವ. ಎಲ್ಲರ ಗಮನವೂ ಮೊದಲು ಚಳಿಯ ಕಡೆಗೆ ಹರಿಯುತ್ತದೆ. ಮಲೆನಾಡಿನ ಮಟ್ಟಿಗೆ ಹೇಳುವುದಾದರೆ ಚಳಿ ಸುಲಭದ ಶತ್ರು. ಒಂದು ಕಂಬಳಿ ಹೆಚ್ಚು ಹೊದ್ದರೆ ಅದು ಸೋಲುತ್ತದೆ. ತೇವ ಹಾಗಲ್ಲ.

ಚಳಿಯ ಲೆಕ್ಕವನ್ನು ಬೇಗನೆ ಮುಗಿಸಬಹುದು. ಉಕ್ಕು ಶಾಖವನ್ನು ಗಾಜಿನ ಉಣ್ಣೆಗಿಂತ ಸಾವಿರ ಪಟ್ಟಿಗೂ ಮಿಕ್ಕಿ ಸಲೀಸಾಗಿ ಸಾಗಿಸುತ್ತದೆ. ಗಾಜಿನ ಉಣ್ಣೆಯಾಗಲಿ, ಕುರಿಯ ಉಣ್ಣೆಯಾಗಲಿ, ಫೋಮ್ ಆಗಲಿ, ಬೆಚ್ಚಗಿಡುವುದು ಅದರೊಳಗೆ ಸಿಕ್ಕಿ ನಿಶ್ಚಲವಾದ ಗಾಳಿ. ಹಳೆಯ ಮನೆಗಳಲ್ಲಿ ಹಂಚಿನ ಕೆಳಗೆ ಮುಚ್ಚಿಗೆ ಹಾಕಿ ನಡುವೆ ಅಟ್ಟವನ್ನು ಬಿಟ್ಟದ್ದು ಇದೇ ತತ್ತ್ವದಿಂದ. 12 ಮಿ.ಮೀ. ದಪ್ಪದ ಒಳ್ಳೆಯ ಫೋಮ್ ಹಾಳೆ ಬರಿಯ ತಗಡಿನಿಂದ ಸೋರುವ ಶಾಖವನ್ನು ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಸುತ್ತದೆ. ದಪ್ಪವನ್ನು ಇಮ್ಮಡಿ ಮಾಡಿದರೆ ಅದು ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಮೊದಲ ಪದರವೇ ಹೆಚ್ಚಿನ ಕೆಲಸ ಮಾಡಿಬಿಡುತ್ತದೆ; ಎರಡನೆಯದಕ್ಕೆ ಸುರಿಯುವ ಹಣಕ್ಕೆ ಫಲ ಕಡಿಮೆ. ಜೀಪಿನೊಳಗಿನ ಇಕ್ಕಟ್ಟಿನಲ್ಲಿ ಒಂದೊಂದು ಅಂಗುಲಕ್ಕೂ ಬೆಲೆಯಿರುವುದರಿಂದ ಇದು ನೆನಪಿಡಬೇಕಾದ ಮಾತು.

ಇನ್ನು ತೇವದ ಲೆಕ್ಕ. ನಿದ್ರಿಸುವ ಮನುಷ್ಯನ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಆವಿಯಾಗಿ ಹೊರಬರುತ್ತದೆ. ಇಬ್ಬರು ಎಂಟು ಗಂಟೆ ಮಲಗಿದರೆ ಅರ್ಧ ಲೀಟರಿಗೂ ಹೆಚ್ಚು. ಜೀಪಿನ ಒಳಗಿನ ಗಾಳಿ ನಾಲ್ಕು ಘನ ಮೀಟರ್ ಎಂದಿಟ್ಟುಕೊಳ್ಳೋಣ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ಆವಿಯನ್ನು ಹಿಡಿದಿಡಬಲ್ಲದು. ಒಟ್ಟು 70 ಗ್ರಾಂ ಆಯಿತು. ಉಳಿದ ನೀರು ಎಲ್ಲಿಗೆ ಹೋಗಬೇಕು? ಕಿಟಕಿಯ ಸಂದಿನಿಂದ ಹೊರಗೆ ಹೋಗಬೇಕು, ಇಲ್ಲವೇ ತಣ್ಣನೆಯ ತಗಡಿನ ಮೇಲೆ ಹನಿಯಾಗಿ ಕೂರಬೇಕು. ಮೂರನೆಯ ದಾರಿಯಿಲ್ಲ.

ಡಿಸೆಂಬರಿನ ಒಂದು ಇರುಳು ಗುಡ್ಡದ ಮೇಲೆ ಹೊರಗೆ 10 ಡಿಗ್ರಿ, ಒಳಗೆ 18 ಡಿಗ್ರಿ, ಒಳಗಾಳಿಯ ಆರ್ದ್ರತೆ ಶೇಕಡಾ 80 ಎಂದು ಭಾವಿಸಿದರೆ, ಆ ಗಾಳಿ ಸುಮಾರು 14.5 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯನ್ನು ಮುಟ್ಟಿದರೂ ಇಬ್ಬನಿ ಕಟ್ಟುತ್ತದೆ. ಬರಿಯ ತಗಡಿನ ಒಳಮೈ ಆಗ 12 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಅದು ಬೆವರುತ್ತದೆ. 12 ಮಿ.ಮೀ. ಫೋಮಿನ ಒಳಮೈ 16 ಡಿಗ್ರಿಯ ಹತ್ತಿರ ಉಳಿಯುತ್ತದೆ. ಅದು ಒಣಗಿಯೇ ಇರುತ್ತದೆ. ಹೊದಿಕೆಯ ನಿಜವಾದ ಉಪಕಾರ ಇಲ್ಲಿದೆ.

ಆದರೆ ಇದರಲ್ಲಿ ಒಂದು ಷರತ್ತು ಅಡಗಿದೆ. ಫೋಮಿನ ಹಿಂದೆ ಗಾಳಿ ಸುಳಿಯುವ ಸಂದು ಉಳಿದರೆ, ಅಥವಾ ಹೊದಿಕೆಯೇ ಆವಿಯನ್ನು ಒಳಬಿಟ್ಟುಕೊಳ್ಳುವ ಜಾತಿಯದಾದರೆ, ಆವಿ ಅದನ್ನು ದಾಟಿ ಹಿಂದಿನ ತಗಡನ್ನು ತಲುಪುತ್ತದೆ. ತಗಡು ಹೊದಿಕೆಯಿಲ್ಲದ ದಿನಕ್ಕಿಂತ ಈಗ ಇನ್ನಷ್ಟು ತಣ್ಣಗಿರುವುದರಿಂದ ಅಲ್ಲಿ ಖಂಡಿತವಾಗಿ ನೀರಾಗುತ್ತದೆ. ಬರಿಯ ತಗಡಾಗಿದ್ದರೆ ಬೆಳಿಗ್ಗೆ ಬಟ್ಟೆಯಿಂದ ಒರೆಸಬಹುದಿತ್ತು. ಈಗ ಅದು ಕಣ್ಣಿಗೂ ಕಾಣದು, ಬಿಸಿಲಿಗೂ ಸಿಗದು. ಸರಿಯಾಗಿ ಒಣಗಿಸದ ಭತ್ತವನ್ನು ಕಣಜಕ್ಕೆ ತುಂಬಿದವರಿಗೆ ಇದು ಹೊಸ ಪಾಠವಲ್ಲ. ತೇವ ಶೇಕಡಾ 14ನ್ನು ಮೀರಿದ ಕಾಳು ಹೊರಗಿನಿಂದ ಚೆನ್ನಾಗಿ ಕಂಡರೂ ರಾಶಿಯ ಒಳಗೆ ಬೂಷ್ಟು ಹಿಡಿಯುತ್ತಿರುತ್ತದೆ.

ಈ ದೃಷ್ಟಿಯಿಂದ ಪೇಟೆಯಲ್ಲಿ ಸಿಗುವ ವಸ್ತುಗಳನ್ನು ನೋಡಬೇಕು. ಗಾಜಿನ ಉಣ್ಣೆ ಅಗ್ಗ, ಬೆಂಕಿಗೂ ಹೆದರದು. ಆದರೆ ಅದು ಆವಿಯನ್ನು ತಡೆಯುವುದಿಲ್ಲ, ಗುಂಡಿ ರಸ್ತೆಯ ಕುಲುಕಾಟಕ್ಕೆ ಕೆಳಗೆ ಕುಸಿಯುತ್ತದೆ, ನೂಲುಗಳು ಮೈಗೆ ಕಡಿತ ತರುತ್ತವೆ. ಥರ್ಮೋಕೋಲ್ ಬಿರುಸಾದದ್ದು, ತಗಡಿನ ಬಾಗಿಗೆ ಹೊಂದದು, ಬೇಗ ಉರಿಯುತ್ತದೆ. ಅದರ ಬಿಳಿಯ ಕಾಳುಗಳು ಒಮ್ಮೆ ಹಳ್ಳ ಸೇರಿದರೆ ಹೆಕ್ಕಿ ತೆಗೆಯುವವರಿಲ್ಲ. ಪಿಚಕಾರಿಯಿಂದ ಸಿಂಪಡಿಸುವ ಪಾಲಿಯುರೆಥೇನ್ ಫೋಮ್ ಸಂದುಗೊಂದನ್ನೆಲ್ಲ ತುಂಬುವುದು ಮೇಲ್ನೋಟಕ್ಕೆ ಗುಣವೆನಿಸಿದರೂ ಜೀಪಿನಲ್ಲಿ ಅದೇ ದೋಷ. ಬಾಗಿಲ ತಳದ ಮತ್ತು ಕಂಬಗಳ ಒಳಗಿನ ನೀರು ಬಸಿಯುವ ತೂತುಗಳನ್ನು ಅದು ಮುಚ್ಚುತ್ತದೆ. ಮಿರುಗುವ ಬೆಳ್ಳಿಹಾಳೆಯ ಬಗ್ಗೆಯೂ ಭ್ರಮೆಯಿದೆ. ತನ್ನ ಎದುರಿಗೆ ಗಾಳಿಯ ಸಂದು ಇದ್ದಾಗ ಮಾತ್ರ ಅದು ಶಾಖವನ್ನು ಪ್ರತಿಫಲಿಸುತ್ತದೆ. ಎರಡು ಪದರಗಳ ನಡುವೆ ಒತ್ತಿ ಅಂಟಿಸಿದರೆ ಅದರ ಹೊಳಪು ನಿರರ್ಥಕ.

ತಗಡಿಗೆ ನೇರವಾಗಿ ಅಂಟಿಸಲು ಯೋಗ್ಯವಾದದ್ದು ಮುಚ್ಚಿದ ಕೋಶಗಳ ಫೋಮ್, ಅಂದರೆ ಒಂದೊಂದು ಗುಳ್ಳೆಯೂ ಪ್ರತ್ಯೇಕವಾಗಿ ಮುಚ್ಚಿಕೊಂಡು ನೀರು ಹೀರದಂತಹದು. ಹವಾನಿಯಂತ್ರಣ ಯಂತ್ರದ ಕೊಳವೆಗಳಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರಿನ ಹಾಳೆ ಮತ್ತು ಹೆಣೆದ ಪಾಲಿಎಥಿಲೀನ್ ಫೋಮ್ ಈ ಜಾತಿಯವು. ಇವು ಪ್ಲಾಸ್ಟಿಕ್ ಕುಲದವೇ ಎಂಬುದನ್ನು ಪರಿಸರ ಪತ್ರಿಕೆಯ ಓದುಗರಿಂದ ಮುಚ್ಚಿಡುವ ಅಗತ್ಯವಿಲ್ಲ.

ಸ್ಥಳೀಯ ವಸ್ತುಗಳು ಸಾಲವೇ ಎಂಬ ಪ್ರಶ್ನೆ ಏಳುವುದು ಸಹಜ. ತೆಂಗಿನ ನಾರು, ಅಡಿಕೆ ಹಾಳೆ, ಭತ್ತದ ಹೊಟ್ಟು ಇವೆಲ್ಲವೂ ಶಾಖವನ್ನು ಚೆನ್ನಾಗಿ ತಡೆಯುತ್ತವೆ. ಆದರೆ ಸಸ್ಯಮೂಲದ ಯಾವುದನ್ನೂ ಮಲೆನಾಡಿನಲ್ಲಿ ಉಕ್ಕಿಗೆ ತಾಗಿಸಿ ಮುಚ್ಚಿಡಬಾರದು. ಜುಲೈ ತಿಂಗಳಲ್ಲಿ ಅಡಿಕೆ ಹಾಳೆಯ ತಟ್ಟೆಗೆ ಬೂಷ್ಟು ಹಿಡಿಯುವುದನ್ನು ಕಂಡವರು ಅದನ್ನು ತಗಡಿನ ಹಿಂದೆ ಅಡಗಿಸುವ ಸಾಹಸಕ್ಕೆ ಇಳಿಯಲಾರರು. ಅವುಗಳ ಸ್ಥಾನ ಒಳಪದರದಲ್ಲಿ, ಬಿಚ್ಚಿ ತೆಗೆಯಬಲ್ಲ ಭಾಗದಲ್ಲಿ. ಹಾಸಿಗೆಗೆ ರಬ್ಬರು ಬೆರೆಸಿದ ನಾರಿನ ಹಲಗೆ ಸೊಗಸಾದದ್ದು, ಕೆಳಗಿನಿಂದ ಗಾಳಿಯಾಡುತ್ತದೆ. ಗೋಡೆಗೆ ಬಿದಿರು ಚಾಪೆಗಳನ್ನು ಅಂಟು ಹಾಕಿ ಒತ್ತಿದ ಹಲಗೆಯನ್ನು ಪರಿಶೀಲಿಸಬಹುದು. ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ತಂತ್ರವದು. ಇವೆಲ್ಲಕ್ಕಿಂತ ಮೇಲಾದದ್ದು ಕಂಬಳಿ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ಆವಿಯನ್ನು ಹೀರಿಕೊಂಡರೂ ಕೈಗೆ ಒದ್ದೆಯೆನಿಸದು. ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯಲ್ಲಿ ನಿಂತ ತಲೆಮಾರಿಗೆ ಇದು ಅಳತೆಯಿಲ್ಲದೆಯೇ ಗೊತ್ತಿದ್ದ ಸಂಗತಿ. ಒಳಗೆ ಕೊಕ್ಕೆಗಳಿಗೆ ತೂಗುಹಾಕಿ, ಬೆಳಿಗ್ಗೆ ಬೇಲಿಯ ಮೇಲೆ ಹರವಿದರೆ ಇರುಳಿನ ತೇವವೆಲ್ಲ ಬಿಸಿಲಿಗೆ ಹೋಗುತ್ತದೆ.

ಕೆಲಸಕ್ಕೆ ತಕ್ಕ ಕಾಲ ಶಿವರಾತ್ರಿಯಿಂದ ಯುಗಾದಿಯವರೆಗೆ. ಮೊದಲು ಹಳೆಯ ಹಾಸುಗಳನ್ನೆಲ್ಲ ಕಿತ್ತು, ಒಬ್ಬರು ಒಳಗೆ ಕುಳಿತು ಇನ್ನೊಬ್ಬರು ಹೊರಗಿನಿಂದ ಮಾಡು, ಮುಂಗಾಜಿನ ಮೂಲೆ, ಬಾಗಿಲ ರಬ್ಬರುಗಳ ಮೇಲೆ ಕೊಳವೆಯಿಂದ ನೀರು ಬಿಟ್ಟು ಸೋರುವ ಜಾಗಗಳನ್ನು ಗುರುತಿಸಬೇಕು. ಸೋರಿಕೆ ನಿಲ್ಲದೆ ಹೊದಿಕೆ ಹಾಕುವುದು ಹಂಚು ಸರಿಪಡಿಸದೆ ಮುಚ್ಚಿಗೆಗೆ ಬಣ್ಣ ಬಳಿದಂತೆ. ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಪ್ರೈಮರ್ ಬಳಿದು, ಪೂರ್ತಿ ಒಣಗಿದ ಮೇಲೆ ಹಳೆಯ ಪತ್ರಿಕೆಯ ಹಾಳೆಗಳಿಂದ ಅಚ್ಚು ತೆಗೆದು ಫೋಮ್ ಕತ್ತರಿಸಬೇಕು. ಏಪ್ರಿಲ್ ಬಿಸಿಲಿಗೆ ಮಾಡಿನ ತಗಡು ಕೈಯಿಡಲಾಗದಷ್ಟು ಕಾಯುವುದರಿಂದ ಶಾಖ ತಾಳುವ ಅಂಟೇ ಬೇಕು; ಅದರ ಆವಿ ತಲೆ ಸುತ್ತಿಸುವಂತಹದು, ಬಾಗಿಲುಗಳು ತೆರೆದಿರಲಿ. ಒಳಹಲಗೆಗಳನ್ನು ತಿರುಪಿನಿಂದ ಮಾತ್ರ ಬಿಗಿಯಬೇಕು, ಅಂಟಿನಿಂದಲ್ಲ. ಉಳಿದ ತುಂಡುಗಳನ್ನು ಒಲೆಗೆ ಹಾಕುವುದು ಬೇಡ. ಮಂಡಿಯೂರಿ ಕಳೆ ತೆಗೆಯುವವರಿಗೆ ಅವು ಒಳ್ಳೆಯ ಮೆತ್ತೆಯಾಗುತ್ತವೆ. ಮಾಡನ್ನು ಕತ್ತರಿಸುವ, ಆಸನ ಕಳಚುವ ಯೋಚನೆಯಿದ್ದರೆ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅಂತಹ ಮಾರ್ಪಾಟುಗಳಿಗೆ ಕಟ್ಟುಪಾಡು ವಿಧಿಸಿದೆ.

ಎಷ್ಟೇ ಅಚ್ಚುಕಟ್ಟಾಗಿ ಹೊದಿಸಿದರೂ ಗಾಳಿಯ ದಾರಿ ಇಲ್ಲದಿದ್ದರೆ ಎಲ್ಲವೂ ವ್ಯರ್ಥ. ಹೊರಗೆ ಮಳೆ ಸುರಿಯುತ್ತಿರುವಾಗ ಕಿಟಕಿ ತೆರೆದರೆ ತೇವ ಒಳಬರುತ್ತದೆಂಬ ನಂಬಿಕೆ ಬಲವಾಗಿದೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಹೊರಗೆ 20 ಡಿಗ್ರಿಯ, ಆವಿಯಿಂದ ತುಂಬಿದ ಗಾಳಿ ಒಳಬಂದು 24 ಡಿಗ್ರಿಗೆ ಕಾದರೆ, ಪ್ರತಿ ಘನ ಮೀಟರಿಗೆ ಇನ್ನೂ ನಾಲ್ಕು ಗ್ರಾಂಗೂ ಹೆಚ್ಚು ಆವಿಯನ್ನು ಹೊತ್ತು ಹೊರಹೋಗಬಲ್ಲದು. ಇಬ್ಬರ ಉಸಿರಿನ ತೇವ ಹೊರಹೋಗಲು ಒಳಗಿನ ಗಾಳಿ ಗಂಟೆಗೆ ಐದು ಸಲವಾದರೂ ಬದಲಾಗಬೇಕು. ಆದ್ದರಿಂದ ಮಳೆಯ ತಡಿಕೆಯ ಕೆಳಗೆ ಎರಡು ಬೆರಳಷ್ಟು ಸಂದು ಒಂದು ಕಡೆ ತಗ್ಗಿನಲ್ಲಿ, ಎದುರು ಕಡೆ ಎತ್ತರದಲ್ಲಿ, ಸೊಳ್ಳೆಪರದೆಯ ಸಹಿತ ಇರಲೇಬೇಕು.

ಈ ಸಂದು ಜೀವ ಉಳಿಸುವ ಸಂದೂ ಹೌದು. ಹಂಚಿನ ಮನೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಿ ರೂಢಿಯಾದವರು, ಹಂಚಿನ ಮಾಡು ನೂರು ಕಡೆ ಉಸಿರಾಡುತ್ತದೆ ಎಂಬುದನ್ನು ಮರೆಯುತ್ತಾರೆ. ರಬ್ಬರು ಬಿಗಿದ ಜೀಪಿನಲ್ಲಿ ಹೊಗೆಯಾಡದ ಕೆಂಡವೂ ಕಾರ್ಬನ್ ಮಾನಾಕ್ಸೈಡನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿಯುತ್ತದೆ. ನಿದ್ದೆಯಲ್ಲಿದ್ದವರು ಏಳುವುದಿಲ್ಲ. ಗ್ಯಾಸ್ ಒಲೆಗೂ ಇದೇ ನಿಷೇಧ ಅನ್ವಯಿಸಬೇಕು. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗೂ ಮಿಕ್ಕಿ ನೀರಾವಿ ಹುಟ್ಟುತ್ತದೆ ಎಂಬುದು ಬೇರೆ ಮಾತು. ಎಂಜಿನ್ ಚಾಲೂ ಇಟ್ಟು ಮಲಗುವುದಂತೂ ಕೂಡದು.

ಬಿಚ್ಚಿ ತೆಗೆಯಬಲ್ಲ ಹೊದಿಕೆಯೇ ಬೇಕೆನ್ನಲು ಇನ್ನೊಂದು ಕಾರಣವಿದೆ, ಅದು ಈ ನೆಲದ್ದೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಉಣುಗು. ಅದರ ಹಾವಳಿ ಹೆಚ್ಚುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ಪ್ರವಾಸಿಗರ ಸುಗ್ಗಿಯಲ್ಲಿಯೇ. ತರಗೆಲೆಯ ಮೇಲೆ ಚಾಪೆ ಹಾಸಿ ಕುಳಿತು, ಅದನ್ನೇ ಜೀಪಿನೊಳಗೆ ಎಳೆದುಕೊಂಡರೆ ಸೂಜಿಮೊನೆಯಷ್ಟಿರುವ ಮರಿ ಉಣುಗುಗಳಿಗೆ ದಪ್ಪ ಕಾರ್ಪೆಟ್ ಒಳ್ಳೆಯ ಅಡಗುತಾಣ. ಅಂಟಿಸಿದ ಕಾರ್ಪೆಟ್ಟನ್ನು ಕುದಿನೀರಿಗೆ ಅದ್ದಲಾಗದು, ಕೌದಿಯನ್ನು ಅದ್ದಬಹುದು.

ಹೀಗೆ ಸಜ್ಜಾದ ಜೀಪು ಎಲ್ಲಿ ನಿಲ್ಲಬೇಕು? ಅದು ಎಲ್ಲಿಗೂ ಹೋಗಬಲ್ಲದು ಎಂಬುದೇ ಅದರ ಅಪಾಯ. ಶೋಲಾ ಕಾಡಿನ ಮೇಲಣ ಹುಲ್ಲುಗಾವಲಿನ ಇಳಿಜಾರಿನಲ್ಲಿ ಚಕ್ರದ ಎರಡು ಗೆರೆ ಮೂಡಿದರೆ ಮುಂದಿನ ಮಳೆಗೆ ಅವು ನೀರಿನ ಕಾಲುವೆಗಳಾಗುತ್ತವೆ, ಅದರ ಮುಂದಿನ ಮಳೆಗೆ ಕೊರಕಲಾಗುತ್ತವೆ. ಇಂಗಬೇಕಾಗಿದ್ದ ನೀರು ಮಣ್ಣು ಹೊತ್ತು ಓಡುತ್ತದೆ. ಬೇಸಿಗೆಯಲ್ಲಿ ಕೆಳಗಿನ ತೋಟದ ಹಳ್ಳ ಬತ್ತುತ್ತದೆ. ಅಭಯಾರಣ್ಯಗಳಿಗೆ ಅನುಮತಿಯಿಲ್ಲದೆ ನುಗ್ಗುವುದನ್ನು 1972ರ ವನ್ಯಜೀವಿ ಕಾಯಿದೆ ನಿಷೇಧಿಸಿದೆ. ಆದರೆ ಹುಲ್ಲುಗಾವಲುಗಳೆಲ್ಲ ಅಭಯಾರಣ್ಯಗಳಲ್ಲ. ಹಳ್ಳಿಯ ಯುವಕರೇ ಚಾಲಕರಾಗಿರುವ ಕಡೆ ನಿರ್ಣಯ ಅವರ ಕೈಯಲ್ಲಿಯೇ ಇದೆ. ಅಡಿಕೆ ಒಣಗಿಸಿ ಖಾಲಿಯಾದ ಅಂಗಳ, ಗದ್ದೆಬಯಲಿನ ಅಂಚು, ಶಾಲೆಯ ಮೈದಾನ ಇವೆಲ್ಲ ಜೀಪು ನಿಲ್ಲಲು ಸಾಕಾದ ಜಾಗಗಳು. ಅಲ್ಲಿ ನೀರುಂಟು, ಶೌಚಾಲಯವುಂಟು, ಬಾಡಿಗೆಯೂ ಊರಿಗೇ ಸಲ್ಲುತ್ತದೆ.

ಜೂನ್ ಮೊದಲ ವಾರ ಪ್ರವಾಸಿಗರು ತೆರಳಿದ ಮೇಲೆ ತಿರುಪುಗಳನ್ನು ಬಿಚ್ಚಿ ಹಲಗೆಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಕು. ಕಂಬಳಿಗಳನ್ನು ಒಣಗಿಸಿ ಮಡಿಸಿಡಬೇಕು. ಬಾಗಿಲ ತಳದ ಬಸಿತೂತುಗಳನ್ನು ಒಂದು ಕಡ್ಡಿಯಿಂದ ಬಿಡಿಸಿ, ಫೋಮಿನ ಅಂಚುಗಳು ಎಲ್ಲಿಯಾದರೂ ಎದ್ದಿವೆಯೇ ಎಂದು ಬೆರಳಾಡಿಸಿ ನೋಡಬೇಕು. ಆಮೇಲೆ ಆ ಜೀಪು ಗೊಬ್ಬರಕ್ಕೋ ಸಸಿಗೋ ಆಸ್ಪತ್ರೆಗೋ ಹೋಗಿಬರಲು ಮತ್ತೆ ಸಿದ್ಧ.