ಯಾರನ್ನು ಕೇಳಿ ಹೇಳಿದಿರಿ?

(ಮಾಸಿಕ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

‘ಜನಾಭಿಪ್ರಾಯವನ್ನು ಅಳೆಯುವುದು ಹೇಗೆ’ ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ನಾನು ರಾಜಕೀಯ ಪಂಡಿತನಲ್ಲ. ಸರ್ಕಾರಿ ಎಂಜಿನಿಯರಾಗಿ ಅಳತೆಯ ಕೆಲಸದಲ್ಲೇ ಆಯುಷ್ಯ ಕಳೆದವನು. ಹಾಗಾಗಿ ನಾನೇ ತಪ್ಪಾಗಿ ಅಳೆದ ಒಂದು ಪ್ರಸಂಗದಿಂದ ಆರಂಭಿಸುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಒಂದು ಹಳ್ಳಿಗೆ ನಲ್ಲಿ ನೀರಿನ ಯೋಜನೆ ಮಂಜೂರಾಗಿತ್ತು. ನಲ್ಲಿ ಎಲ್ಲಿ ಹಾಕಬೇಕೆಂದು ಊರ ಕಟ್ಟೆಯ ಮೇಲೆ ಕೂತವರನ್ನು ಕೇಳಿದೆ. ಇಪ್ಪತ್ತು ಮೂವತ್ತು ಜನ, ಎಲ್ಲರದೂ ಒಂದೇ ಮಾತು: “ಇಲ್ಲೇ ಕಟ್ಟಿ ಮುಂದ ಹಾಕ್ರಿ.” ‘ಗ್ರಾಮಸ್ಥರ ಒಮ್ಮತದಂತೆ’ ಎಂದು ವರದಿ ಬರೆದೆ. ನೀರು ಬಂದ ಮೇಲೆ ಕೆಳಗಿನ ಓಣಿಯ ತಾಯಿಯೊಬ್ಬರು ಕೊಡ ಹೊತ್ತುಕೊಂಡೇ ನಿಂತು ಕೇಳಿದರು: “ನೀರು ಹೊರಾವ್ರು ನಾವು. ನಮ್ಮನ್ನ ಯಾರರ ಕೇಳ್ಯಾರೇನ್ರಿ ಸಾಹೇಬ್ರ?” ನನ್ನ ಬಳಿ ಉತ್ತರವಿರಲಿಲ್ಲ. ಕಟ್ಟೆಯ ಮೇಲಿದ್ದವರು ಯಾರೂ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಜಾಗವೇ ತಪ್ಪಾಗಿತ್ತು.

ಇದೇ ತಪ್ಪನ್ನು ಅಮೆರಿಕದ ದೊಡ್ಡ ಪತ್ರಿಕೆಯೊಂದು 1936ರಲ್ಲಿ ಮಾಡಿತು. ‘ಲಿಟರರಿ ಡೈಜೆಸ್ಟ್’ ಅದರ ಹೆಸರು. ಅಧ್ಯಕ್ಷ ಚುನಾವಣೆಗೆ ಮುನ್ನ ಸುಮಾರು 1 ಕೋಟಿ ಜನರಿಗೆ ಅಂಚೆಯಲ್ಲಿ ಮಾದರಿ ಮತಪತ್ರ ಕಳಿಸಿತು. ಸುಮಾರು 23 ಲಕ್ಷ ಮರಳಿ ಬಂದವು. ಎಣಿಸಿ ನೋಡಿ, ಲ್ಯಾಂಡನ್ ಗೆಲ್ಲುತ್ತಾರೆ, ರೂಸ್ವೆಲ್ಟ್ ಸೋಲುತ್ತಾರೆ ಎಂದು ಸಾರಿತು. ಆದದ್ದೇನು? ರೂಸ್ವೆಲ್ಟ್‌ಗೆ ಶೇ. 60ಕ್ಕೂ ಹೆಚ್ಚು ಮತ ಬಂತು. 48 ರಾಜ್ಯಗಳಲ್ಲಿ ಅವರು ಸೋತದ್ದು ಎರಡರಲ್ಲಿ ಮಾತ್ರ. ಜಾರ್ಜ್ ಗ್ಯಾಲಪ್ ಎಂಬುವರು ಸುಮಾರು 50 ಸಾವಿರ ಜನರನ್ನಷ್ಟೇ ಕೇಳಿ, ರೂಸ್ವೆಲ್ಟ್ ಗೆಲ್ಲುತ್ತಾರೆಂದು ಸರಿಯಾಗಿ ಹೇಳಿದ್ದರು.

23 ಲಕ್ಷ ಸೋತು 50 ಸಾವಿರ ಗೆದ್ದದ್ದು ಹೇಗೆ? ಪತ್ರಿಕೆ ವಿಳಾಸಗಳನ್ನು ಹೆಚ್ಚಾಗಿ ಆರಿಸಿಕೊಂಡದ್ದು ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿ ಪಟ್ಟಿಗಳಿಂದ. ಮಹಾ ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಸಾಲದ್ದಕ್ಕೆ, ಮತಪತ್ರ ಪಡೆದವರಲ್ಲಿ ಕಾಲು ಭಾಗದಷ್ಟು ಜನ ಕೂಡ ಉತ್ತರಿಸಲಿಲ್ಲ.

ಆದರೆ ಒಂದು ಸಂಗತಿ ಗಮನಿಸಿ. ಇದೇ ಪತ್ರಿಕೆ ಇದೇ ಕ್ರಮದಲ್ಲಿ 1916ರಿಂದ 1932ರವರೆಗಿನ ಐದೂ ಚುನಾವಣೆಗಳಲ್ಲಿ ಗೆಲ್ಲುವವರನ್ನು ಸರಿಯಾಗಿ ಹೇಳಿತ್ತು! 1936ರಲ್ಲಿ ಬದಲಾದದ್ದು ಸಿದ್ಧಾಂತದ ಗೆರೆ. ರೂಸ್ವೆಲ್ಟ್ ಸರ್ಕಾರ ನಿರುದ್ಯೋಗಿಗಳಿಗೆ ಕೆಲಸ, ವೃದ್ಧರಿಗೆ ಪಿಂಚಣಿ, ಕಾರ್ಮಿಕ ಸಂಘಗಳಿಗೆ ಹಕ್ಕು ಎಂದು ಹೊರಟಿತು. ‘ಸರ್ಕಾರ ಇಷ್ಟು ಮಾಡಬೇಕೇ, ಬೇಡವೇ’ ಎಂಬ ಪ್ರಶ್ನೆಯ ಮೇಲೆ ಉಳ್ಳವರು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ ವಾಲಿದರು. ಪಟ್ಟಿಯಿಂದ ಬಿಟ್ಟುಹೋದವರಲ್ಲೂ ಉತ್ತರ ಕೊಡದವರಲ್ಲೂ ರೂಸ್ವೆಲ್ಟ್ ಪರ ಇದ್ದವರೇ ಹೆಚ್ಚಾಗಿದ್ದರು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ಒಂದೇ ಪಾತ್ರೆ, ಒಂದೇ ಒಲೆ ಆದರೆ ಆ ಮಾತು ನಿಜ. ಸಮಾಜದಲ್ಲಿ ಪಾತ್ರೆಗಳೂ ಹಲವು, ಒಲೆಗಳೂ ಹಲವು. ಪ್ರತಿ ಪಾತ್ರೆಯ ಅಗುಳೂ ಕೈಗೆ ಬರುವ ಅವಕಾಶವಿರಬೇಕು. ಅದಕ್ಕೇ ಒಳ್ಳೆಯ ಸಮೀಕ್ಷೆಯವರು ಸಿಕ್ಕಸಿಕ್ಕವರನ್ನು ಕೇಳುವುದಿಲ್ಲ. ಮತದಾರರ ಪಟ್ಟಿಯಲ್ಲಿ ಇಂತಿಷ್ಟು ಹೆಸರಿಗೊಂದರಂತೆ ಆರಿಸಿ ಮನೆಗೇ ಹೋಗುತ್ತಾರೆ. ಹೀಗೆ ಯಾರ ಕೈವಾಡವೂ ಇಲ್ಲದೆ ಆರಿಸಿದ ಒಂದು ಸಾವಿರ ಜನರಿಂದ ಸಿಗುವ ಉತ್ತರ ಸಾಮಾನ್ಯವಾಗಿ ಶೇ. 3ರಷ್ಟು ಅತ್ತಿತ್ತ ಇರಬಹುದು. ಆ ಅಂತರವನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಸಾವಿರ ಜನ ಬೇಕು. ಆದರೆ ಆಯ್ಕೆಯೇ ವಾಲಿದ್ದರೆ ಕೋಟಿ ಜನರನ್ನು ಕೇಳಿದರೂ ಪ್ರಯೋಜನವಿಲ್ಲ.

ಎರಡನೆಯ ತೊಡಕು ಹಣೆಪಟ್ಟಿಯದು. ‘ಎಡ’, ‘ಬಲ’ ಎಂಬ ಮಾತು ಹುಟ್ಟಿದ್ದು 1789ರ ಫ್ರಾನ್ಸಿನಲ್ಲಿ. ಅಲ್ಲಿನ ರಾಷ್ಟ್ರೀಯ ಸಭೆಯಲ್ಲಿ ರಾಜನ ಅಧಿಕಾರ ಉಳಿಯಬೇಕು ಎನ್ನುವವರು ಸಭಾಧ್ಯಕ್ಷರ ಬಲಕ್ಕೆ, ಬೇಡ ಎನ್ನುವವರು ಎಡಕ್ಕೆ ಕೂತರು. ಕೂರುವ ಜಾಗದ ಗುರುತು ಇಂದು ಮನುಷ್ಯರ ಗುರುತಾಗಿದೆ. ಆದರೆ ಪ್ರಶ್ನೆಗಳು ಕನಿಷ್ಠ ಎರಡಿವೆ. ಆರ್ಥಿಕ ವಿಚಾರದಲ್ಲಿ ಸರ್ಕಾರ ಎಷ್ಟು ಕೈಹಾಕಬೇಕು ಎಂಬುದು ಒಂದು. ಸಂಪ್ರದಾಯ ಎಷ್ಟು ಉಳಿಯಬೇಕು, ಎಷ್ಟು ಬದಲಾಗಬೇಕು ಎಂಬುದು ಇನ್ನೊಂದು. ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಬೇಕೆನ್ನುವ ರೈತ, ಮಗಳು ಬೇರೆ ಜಾತಿಯವನನ್ನು ಮದುವೆಯಾಗುವುದನ್ನು ಒಪ್ಪದಿರಬಹುದು. ಅಂತರ್ಜಾತಿ ವಿವಾಹಕ್ಕೆ ಸಂತೋಷದಿಂದ ಹೋಗುವ ವ್ಯಾಪಾರಿ ತೆರಿಗೆ ಕಡಿಮೆಯಾಗಲಿ ಎನ್ನಬಹುದು. ಇವರಲ್ಲಿ ಎಡ ಯಾರು, ಬಲ ಯಾರು? ಒಂದೇ ಗೆರೆಯ ಮೇಲೆ ಇಬ್ಬರನ್ನೂ ನಿಲ್ಲಿಸಲು ಹೊರಟರೆ ಇಬ್ಬರಿಗೂ ಅನ್ಯಾಯ. ನಕ್ಷೆಗೆ ಉದ್ದವೂ ಬೇಕು, ಅಗಲವೂ ಬೇಕು.

ಮೂರನೆಯದು, ಅಭಿಪ್ರಾಯ ಬೇರೆ, ಫಲಿತಾಂಶ ಬೇರೆ. ನಮ್ಮ ರಾಜ್ಯವನ್ನೇ ನೋಡಿ. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ. 38, ಬಿಜೆಪಿಗೆ ಸುಮಾರು ಶೇ. 36 ಮತ. ಆದರೆ ಹೆಚ್ಚು ಸ್ಥಾನ, ಅಂದರೆ 104, ಸಿಕ್ಕಿದ್ದು ಬಿಜೆಪಿಗೆ. 2023ರಲ್ಲೂ ಬಿಜೆಪಿಯ ಮತ ಸುಮಾರು ಶೇ. 36ರಲ್ಲೇ ಇತ್ತು, ಸ್ಥಾನ ಮಾತ್ರ 66ಕ್ಕೆ ಇಳಿಯಿತು. ‘ಜನ ತಿರಸ್ಕರಿಸಿದರು’, ‘ಜನ ಒಪ್ಪಿದರು’ ಎನ್ನುವ ಮೊದಲು ಮತದ ಲೆಕ್ಕವನ್ನೂ ಸ್ಥಾನದ ಲೆಕ್ಕವನ್ನೂ ಬೇರೆಬೇರೆಯಾಗಿ ನೋಡಬೇಕು.

ಬಂಧುಗಳೇ, ಚುನಾವಣೆ ಬಂದಾಗಲೆಲ್ಲ ಯಾರೋ ಎದ್ದು ನಿಂತು ‘ಈ ಸಮಾಜದವರೆಲ್ಲ ಇಂಥ ಪಕ್ಷದ ಕಡೆ’ ಎಂದು ನಮ್ಮ ಪರವಾಗಿ ಲೆಕ್ಕ ಒಪ್ಪಿಸಿಬಿಡುತ್ತಾರೆ. ಆಗ ನಾವು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಯಾರನ್ನು ಕೇಳಿದಿರಿ? ಹೇಗೆ ಆರಿಸಿದಿರಿ? ಯಾವ ಮಾತಿನಲ್ಲಿ ಕೇಳಿದಿರಿ? ಉತ್ತರ ಕೊಡದವರು ಎಷ್ಟು ಮಂದಿ?

ಇದೇ ಪ್ರಶ್ನೆಗಳನ್ನು ನಮ್ಮ ಸಂಘ, ಸಮಿತಿಗಳಿಗೂ ಹಾಕಿಕೊಳ್ಳಬೇಕು. ‘ಸಭೆ ಒಮ್ಮತದಿಂದ ತೀರ್ಮಾನಿಸಿತು’ ಎಂದು ನಡಾವಳಿ ಪುಸ್ತಕದಲ್ಲಿ ಬರೆಯುವ ಮುನ್ನ, ಅಡುಗೆಮನೆಯಲ್ಲಿದ್ದವರು, ಹೊಲದಿಂದ ಇನ್ನೂ ಬಾರದವರು, ಬಾಗಿಲ ಬಳಿ ನಿಂತು ಮಾತಾಡದೆ ಹೋದವರು ಏನೆಂದರು ಎಂದು ನೋಡೋಣ. ಆ ತಾಯಿ ಕೇಳಿದ ಪ್ರಶ್ನೆ ನಿವೃತ್ತನಾದ ಮೇಲೂ ನನ್ನನ್ನು ಬಿಟ್ಟಿಲ್ಲ. ನಲ್ಲಿಯನ್ನು ಆಮೇಲೆ ಕೆಳಗಿನ ಓಣಿಗೂ ಹಾಕಿಸಿದೆವು. ಆದರೆ ಎರಡು ಬೇಸಿಗೆ ಅವರು ದೂರದಿಂದಲೇ ನೀರು ಹೊತ್ತರು. ಅದು ನನ್ನ ಅಳತೆಯ ತಪ್ಪಿಗೆ ಅವರು ತೆತ್ತ ಬೆಲೆ.